ಮಷಿನ್ ಆಮೇಲೆ, ಮೊದಲು ಅಚ್ಚು

ದಾವಣಗೆರೆ, ಹರಿಹರದ ಲೇತ್ ಅಂಗಡಿಗಳ ಮಾಲೀಕರಿಗೆ, ಟರ್ನರ್–ಫಿಟ್ಟರ್‌ಗಳಿಗೆ, ಐಟಿಐ ಮುಗಿಸಿ ಅವರ ಕೈಕೆಳಗೆ ಪಳಗುತ್ತಿರುವ ತಮ್ಮ–ತಂಗಿಯರಿಗೆ,



ಈಚೆಗೆ ನಿಮ್ಮಲ್ಲಿ ಯಾರು ಸಿಕ್ಕರೂ ಟೀ ಬರುವಷ್ಟರಲ್ಲಿ ಅದೇ ಮಾತು ತೆಗೆಯುತ್ತೀರಿ. "ಅಣ್ಣಾ, ಲೇತ್ ಕೆಲ್ಸ ಮೊದಲಿನಂಗಿಲ್ಲ. ಪ್ಲಾಸ್ಟಿಕ್ ಮಷಿನ್ ಒಂದು ಹಾಕ್ಬಿಡಾಣ ಅಂತೀನಿ, ಹೆಂಗೆ?" ಬ್ಯಾಂಕಿನವರು ಸಾಲಕ್ಕೆ ತಲೆಯಾಡಿಸಿರುತ್ತಾರೆ. ಡೀಲರು ಫೋನಿನಲ್ಲಿ ವಿಡಿಯೊ ತೋರಿಸಿರುತ್ತಾನೆ: ಈ ಕಡೆ ಹಾಪರಿಗೆ ಕಾಳು ಸುರಿದರೆ ಆ ಕಡೆ ಬಕೆಟ್ಟು ದಬದಬ ಬೀಳುತ್ತದೆ. ವಿಡಿಯೊದಲ್ಲಿ ಕಾಣದ ಸಾಮಾನು ಒಂದಿದೆ. ಮಷಿನ್ನಿನ ಎರಡು ಪ್ಲೇಟಿನ ನಡುವೆ ಬೋಲ್ಟು ಬಿಗಿದು ಕೂತ ಉಕ್ಕಿನ ದಿಮ್ಮಿ, ಅಂದರೆ ಅಚ್ಚು. ಬಕೆಟ್ಟಿಗೆ ಬಕೆಟ್ಟಿನ ರೂಪ ಬರುವುದು ಅಲ್ಲಿ. ಮಷಿನ್ ಕರಗಿಸುತ್ತದೆ, ತಳ್ಳುತ್ತದೆ, ಗಟ್ಟಿಯಾಗಿ ಹಿಡಿದುಕೊಂಡು ಆಮೇಲೆ ಬಿಡುತ್ತದೆ, ಅಷ್ಟೇ ಅದರ ಕೆಲಸ.

ಸಾಲ ಸಿಕ್ಕವರೆಲ್ಲ ಮಷಿನ್ ಕೊಳ್ಳಬಹುದು. ಕೊಂಡ ಮೇಲೆ ಪೀಸಿಗೆ ಇಷ್ಟು ಪೈಸೆ ಅಂತ ಜಾಬ್ ವರ್ಕ್ ಹಿಡಿಯುತ್ತೀರಿ, ಪಕ್ಕದ ಶೆಡ್ಡಿನವನು ಎರಡು ಪೈಸೆ ಕಮ್ಮಿಗೆ ಒಪ್ಪಿಕೊಳ್ಳುತ್ತಾನೆ, ಕರೆಂಟ್ ಬಿಲ್ಲು ಇಬ್ಬರಿಗೂ ಒಂದೇ ಬರುತ್ತದೆ. ಅಚ್ಚಿನ ಕತೆ ಬೇರೆ. ಅಚ್ಚು ಕೊರೆಯಬಲ್ಲವನನ್ನು, ಕೆಟ್ಟ ಅಚ್ಚನ್ನು ಸರಿಮಾಡಬಲ್ಲವನನ್ನು ಮಷಿನ್ ಹಾಕಿದವರೆಲ್ಲ ಹುಡುಕಿಕೊಂಡು ಬರಬೇಕು. ಅದಕ್ಕೇ ಈ ಪತ್ರ. ಮಷಿನ್ ಆಮೇಲೆ ನೋಡೋಣ. ಮೊದಲು ಅಚ್ಚಿಗೆ ಕೈ ಹಾಕಿ.

ಬೇರೆ ಊರಿನವರಿಗೆ ಇದನ್ನು ಇಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಆರಂಭವಾದಾಗ ಈ ದೇಶದಲ್ಲಿ ಲೇತ್ ತಯಾರಿಸುವವರು ಬೆರಳೆಣಿಕೆಯಷ್ಟು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲಿನಿಂದ ಕಟ್ಟಿದ ಉದ್ಯಮ ತುಂಗಭದ್ರೆಯ ದಡಕ್ಕೆ ಬಂದು ಯಂತ್ರ ಮಾಡುವ ಯಂತ್ರಕ್ಕೆ ಇಳಿಯಿತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಅಂತ ಹೆಸರು ಹೊತ್ತ ಲೇತುಗಳು ಇಲ್ಲಿಂದ ಹೋದವು. ಕಾರ್ಖಾನೆ ಈ ಶತಮಾನದ ಶುರುವಿನಲ್ಲಿ ಬಾಗಿಲು ಹಾಕಿತು. ಆದರೆ ಅಲ್ಲಿ ಕಲಿತ ಕೈಗಳು ಎಲ್ಲಿ ಹೋದಾವು? ನಿಮ್ಮಲ್ಲಿ ಕೆಲವರ ಅಪ್ಪ, ಕೆಲವರ ಮಾವ, ಕೆಲವರ ಗುರುಗಳೇ ಆ ಕೈಗಳು.

ಆ ಹಿರಿಯರು ಮಾಸ್ಟರ್ ಪಟ್ಟಿಗೆ ನೀಲಿ ಬಣ್ಣ ಸವರಿ, ಲೇತ್ ಬೆಡ್ಡಿಗೆ ಒತ್ತಿ, ನೀಲಿ ಎಲ್ಲಿ ಹತ್ತಿದೆಯೋ ಅಲ್ಲಿ ಸ್ಕ್ರೇಪರಿನಿಂದ ಕೆರೆದು, ಮತ್ತೆ ಒತ್ತಿ, ಮತ್ತೆ ಕೆರೆದು ಸಮ ಮಾಡುತ್ತಿದ್ದರು. ಬೆಳಗಿನಿಂದ ಸಂಜೆವರೆಗೆ ಅದೇ. ಅಚ್ಚಿನ ಎರಡು ಹೋಳು ಮುಖಾಮುಖಿ ಕೂರುವ ಜಾಗ, ನಾವು ಪಾರ್ಟಿಂಗ್ ಲೈನ್ ಅನ್ನುವುದು, ಅದನ್ನು ಕೂಡಿಸುವುದೂ ಇದೇ ನೀಲಿಯಿಂದ, ಇದೇ ಕೈಯಿಂದ. ಕರಗಿದ ಪಾಲಿಪ್ರೊಪಿಲೀನ್ ಒತ್ತಡದಲ್ಲಿ 0.03 ಮಿಲಿಮೀಟರ್ ಸಂದು ಸಿಕ್ಕರೆ ಸಾಕು, ಹೊರಗೆ ನುಗ್ಗುತ್ತದೆ. ಬಕೆಟ್ಟಿನ ಅಂಚಿನಲ್ಲಿ ಬೆರಳು ಕೊಯ್ಯುವ ತೆಳು ಪರೆ ಕಂಡಿದ್ದೀರಲ್ಲ, ಫ್ಲ್ಯಾಶ್, ಅದು ನೀಲಿ ಸರಿಯಾಗಿ ನೋಡದ ಫಿಟ್ಟರನ ಅಥವಾ ಸವೆದ ಅಚ್ಚಿನ ಗುರುತು. ಸಿಎನ್‌ಸಿ ಬಂದ ಮೇಲೂ ಕೊನೆಯ ಈ ಕೂಡಿಸುವ ಕೆಲಸ ಕೈಯದೇ.

ಪ್ಲಾಸ್ಟಿಕ್ ಸಾಮಾನು ಮಾಡುವ ವಿಧಾನಗಳನ್ನು ಪುಸ್ತಕದವರು ಹೆಸರಿಟ್ಟು ಸಾಲಾಗಿ ಬರೆಯುತ್ತಾರೆ. ಅಚ್ಚು ಕೊರೆಯುವವನಿಗೆ ಹೆಸರಿಗಿಂತ ಮುಂಚೆ ಗೊತ್ತಾಗಬೇಕಾದ್ದು ಒಳಗಿನ ಒತ್ತಡ ಎಷ್ಟು ಅನ್ನುವುದು. ಅಚ್ಚನ್ನು ತಗಡಿನಲ್ಲಿ ಮಾಡಬೇಕೋ, ಅಲ್ಯೂಮಿನಿಯಂನಲ್ಲೋ, ಗಟ್ಟಿ ಉಕ್ಕಿನಲ್ಲೋ ಎಂಬುದು ಅದರ ಮೇಲೆ ತೀರ್ಮಾನ ಆಗುತ್ತದೆ. ನಿಮ್ಮ ಅಂಗಡಿಯಲ್ಲಿ ಆಗುವ ಕೆಲಸ ಯಾವುದು, ಆಗದ್ದು ಯಾವುದು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಒತ್ತಡವೇ ಇಲ್ಲದ ಕಡೆಯಿಂದ ನೋಡೋಣ. ತಾರಸಿ ಮೇಲಿನ ನೀರಿನ ಟ್ಯಾಂಕು. ಯಾವ ಕಂಪನಿಯದೇ ಆದರೂ ನಮ್ಮ ಜನ ಸಿಂಟೆಕ್ಸ್ ಅಂತಲೇ ಕರೆಯುವುದು. ಇದಕ್ಕೆ ರೋಟೊ ಮೋಲ್ಡಿಂಗ್. ಟೊಳ್ಳು ತಗಡಿನ ಅಚ್ಚಿನೊಳಗೆ ಪಾಲಿಎಥಿಲೀನ್ ಪುಡಿ ಅಳೆದು ಹಾಕಿ ಮುಚ್ಚುತ್ತಾರೆ. ಕೆಳಗೆ ಬೆಂಕಿ. ಅಚ್ಚು ತನ್ನ ಸುತ್ತ ತಾನು ತಿರುಗುತ್ತ, ಜೊತೆಗೆ ತೊಟ್ಟಿಲಂತೆ ಆ ಕಡೆ ಈ ಕಡೆ ತೂಗುತ್ತದೆ. ಪುಡಿ ಕರಗಿ ಒಳಗೋಡೆಗೆ ಪದರ ಪದರವಾಗಿ ಹತ್ತಿಕೊಳ್ಳುತ್ತದೆ. ಆಮೇಲೆ ತಣಿಸಿ ಬಿಚ್ಚುವುದು. ಯಾವ ತಳ್ಳಾಟವೂ ಇಲ್ಲದ್ದರಿಂದ ಟ್ರೈಲರ್ ಬಾಡಿ ಕಟ್ಟುವ ವೆಲ್ಡಿಂಗ್ ಶಾಪಿನವರೂ ಈ ಅಚ್ಚು ಮಾಡಬಲ್ಲರು. ಎರಡು ಎಚ್ಚರಿಕೆ ಸಾಕು. ಒಳಗಿನ ವೆಲ್ಡಿಂಗ್ ಗೆರೆಯನ್ನು ಗ್ರೈಂಡ್ ಮಾಡಿ ನುಣುಪು ಮಾಡಿ, ಇಲ್ಲದಿದ್ದರೆ ಟ್ಯಾಂಕಿನ ಮೈಮೇಲೆ ಆ ಗಾಯ ಹಾಗೇ ಅಚ್ಚಾಗುತ್ತದೆ. ಗಾಳಿ ಆಡಲು ವೆಂಟ್ ಕೊಳವೆ ಇಡಿ, ಇಲ್ಲದಿದ್ದರೆ ತಣಿಯುವಾಗ ಒಳಗಿನ ಗಾಳಿ ಕುಗ್ಗಿ ಟ್ಯಾಂಕಿನ ಹೊಟ್ಟೆ ಒಳಕ್ಕೆ ಹೋಗುತ್ತದೆ.

ಮೊಸರಿನ ಕಪ್ಪು, ಸ್ವೀಟ್ ಬಾಕ್ಸಿನೊಳಗಿನ ಗುಳಿಗುಳಿ ತಟ್ಟೆ, ಇವು ಥರ್ಮೋಫಾರ್ಮಿಂಗ್. ಹಾಳೆ ಬಿಸಿ ಮಾಡಿ ಕೆಳಗಿನಿಂದ ಗಾಳಿ ಎಳೆದರೆ ಮುಗಿಯಿತು. ಅಚ್ಚು ಸುಲಭ ಅಂತ ಇದಕ್ಕೆ ಮನಸ್ಸು ಮಾಡಬೇಡಿ. ಕರ್ನಾಟಕ 2016ರಲ್ಲೇ ನಿಷೇಧ ಹೇರಿತು, 2022ರ ಜುಲೈ 1ರಿಂದ ಕೇಂದ್ರವೂ ಒಮ್ಮೆ ಬಳಸಿ ಎಸೆಯುವ ತಟ್ಟೆ, ಲೋಟ, ಚಮಚ, ಸ್ಟ್ರಾಗಳನ್ನು ದೇಶದ ತುಂಬ ನಿಲ್ಲಿಸಿದೆ. ಕದ್ದುಮುಚ್ಚಿ ಅಚ್ಚು ಮಾಡಿಸಲು ಬರುವವರು ಈಗಲೂ ಇದ್ದಾರೆ. ಅಡ್ವಾನ್ಸು ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ, ವಾಪಸ್ ಕಳಿಸಿ. ಹರಿಹರದ ಹೊಳೆದಂಡೆಯಲ್ಲಿ ಹಬ್ಬದ ಮಾರನೇ ದಿನ ಏನು ತೇಲುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಕೊಡ. ನನ್ನ ಮಟ್ಟಿಗೆ ಲೇತ್ ಅಂಗಡಿಯವರು ಕಲಿಕೆಗೆ ಹಿಡಿಯಬೇಕಾದ ಮೊದಲ ಅಚ್ಚು ಇದರದು. ಮನೆಯ ಪ್ಲಾಸ್ಟಿಕ್ ಕೊಡವನ್ನು ಬೋರಲು ಹಾಕಿ ನೋಡಿ. ತಳದ ನಡುವೆ ನೇರ ಗೆರೆ, ಬೆರಳಿಟ್ಟರೆ ಉಬ್ಬು ಸಿಗುತ್ತದೆ. ಅದೇ ಗೆರೆ ಎರಡೂ ಪಕ್ಕದಲ್ಲಿ ತೆಳ್ಳಗೆ ಹತ್ತಿ ಕಂಠದ ತನಕ ಹೋಗಿರುತ್ತದೆ. ಬ್ಲೋ ಮೋಲ್ಡಿಂಗ್ ಮಷಿನ್ನಿನಲ್ಲಿ ಮೇಲಿನಿಂದ ಮೆತ್ತನೆಯ ಪ್ಲಾಸ್ಟಿಕ್ ಕೊಳವೆ ಇಳಿಬೀಳುತ್ತದೆ, ಅದಕ್ಕೆ ಪ್ಯಾರಿಸನ್ ಅಂತ ಹೆಸರು. ಅಚ್ಚಿನ ಎರಡು ಹೋಳು ಎರಡು ಕಡೆಯಿಂದ ಬಂದು ಕಚ್ಚಿಕೊಳ್ಳುತ್ತವೆ, ತಳ ಚಿವುಟಿ ಅಂಟಿಕೊಳ್ಳುತ್ತದೆ, ಒಳಗೆ ಗಾಳಿ ಊದುತ್ತಾರೆ. ಒತ್ತಡ 5ರಿಂದ 10 ಬಾರ್, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡುವಷ್ಟೇ. ಆದ್ದರಿಂದ ಅಚ್ಚು ಅಲ್ಯೂಮಿನಿಯಂನದಾದರೆ ನಡೆಯುತ್ತದೆ. ಕೊಯ್ಯಲು ಮೃದು, ಶಾಖವನ್ನೂ ಬೇಗ ಬಿಡುತ್ತದೆ.

ಕೊಡ ಬಿದ್ದು ಒಡೆದಾಗ ಮೊದಲು ತಳದ ಗೆರೆ ನೋಡಿ, ಬಹಳ ಸಲ ಬಾಯಿ ಬಿಟ್ಟಿರುವುದು ಅಲ್ಲೇ. ಚಿವುಟುವ ಅಂಚು ತೀರಾ ಚೂಪಾದರೆ ಕೊಳವೆಯನ್ನು ಅಂಟಿಸುವ ಬದಲು ಕತ್ತರಿಸಿಬಿಡುತ್ತದೆ, ಮೊಂಡಾದರೆ ಚಿವುಟಿದ ಕೊಳವೆಯ ಬಾಲ ದಪ್ಪ ಉಳಿಯುತ್ತದೆ. ಅಲ್ಲಿಗೆ ಮಾತ್ರ ಉಕ್ಕಿನ ತುಂಡು ಕೂರಿಸಿ, ಅಂಚಿಗೆ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಸಮತಟ್ಟು ಬಿಡಿ. ಒಳಮೂಲೆಗಳನ್ನು ಗುಂಡಗೆ ಮಾಡಿ. ಚೂಪು ಮೂಲೆಗೆ ಹೋಗಿ ಮುಟ್ಟುವ ಹೊತ್ತಿಗೆ ಪ್ಲಾಸ್ಟಿಕ್ ಹಿಗ್ಗಿ ಹಿಗ್ಗಿ ಹಾಳೆಯಾಗಿರುತ್ತದೆ. ಮತ್ತೆ, ಒಳಮೈಯನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿ ಗಿರಾಕಿಯನ್ನು ಮೆಚ್ಚಿಸಲು ಹೋಗಬೇಡಿ. ಒಳ್ಳೆಯ ಫಿಟ್ಟರಿಗೆ ಇದನ್ನು ಒಪ್ಪುವುದು ಕಷ್ಟ, ಗೊತ್ತು. ಆದರೆ ನುಣುಪು ಗೋಡೆಗೂ ಉಬ್ಬುತ್ತಿರುವ ಪ್ಲಾಸ್ಟಿಕ್ಕಿಗೂ ನಡುವೆ ಗಾಳಿ ಸಿಕ್ಕಿಕೊಂಡು ಕೊಡದ ಮೈ ಗುಳಿ ಬೀಳುತ್ತದೆ. ಮರಳು ಹೊಡೆಸಿ ಸ್ವಲ್ಪ ಒರಟು ಮಾಡಿದರೆ ಆ ಸಣ್ಣ ಗೀರುಗಳಲ್ಲಿ ಗಾಳಿ ಹರಿದು ಹೊರಬೀಳುತ್ತದೆ.

ನೀರಿನ ಬಾಟಲಿಯೂ ಊದಿದ್ದೇ, ಆದರೆ ಎರಡು ಹಂತ. ಕತ್ತಿನ ತಿರುಪು ಸಮೇತ ದಪ್ಪ ನಳಿಕೆಯನ್ನು ಮೊದಲು, ಮುಂದೆ ಹೇಳುವ ಇಂಜೆಕ್ಷನ್ನಿನಲ್ಲಿ ಎರೆದು, ಆಮೇಲೆ ಬಿಸಿ ಮಾಡಿ ಸರಳಿನಿಂದ ಉದ್ದಕ್ಕೆ ಎಳೆದು ಊದುವುದು. ಒತ್ತಡ 25ರಿಂದ 40 ಬಾರ್. ಅದರಲ್ಲಿ ದೊಡ್ಡ ಕಂಪನಿಗಳು ಬೀಡುಬಿಟ್ಟಿವೆ, ನಮಗೆ ಜಾಗ ಕಮ್ಮಿ. ಪೈಪು, ಡ್ರಿಪ್ ಲ್ಯಾಟರಲ್ ಇವು ಎಕ್ಸ್‌ಟ್ರೂಷನ್. ಚಕ್ಕುಲಿ ಒರಳಿನ ಕೆಲಸ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದರ ಡೈ ಪೂರ್ತಿ ದುಂಡು, ಪೂರ್ತಿ ಲೇತಿನ ಕೆಲಸ. ಒಳಗಿನ ಮ್ಯಾಂಡ್ರೆಲ್ ನಡುವಿಗೇ ಕೂತಿದೆಯೋ ಇಲ್ಲವೋ ಅಂತ ಡಯಲ್ ಇಟ್ಟು ನೋಡುವ ತಾಳ್ಮೆ ಇದ್ದರಾಯಿತು.

ಕುಕ್ಕರ್ ಹಿಡಿ, ಹಳೆಯ ಕರಿ ಸ್ವಿಚ್ಚು, ಗ್ರೈಂಡರಿನ ಗುಬುಟು: ಇವು ಬೇಕಲೈಟಿನ ಮನೆತನ. ಬೆಲ್ಜಿಯಂ ಮೂಲದ ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಈ ಪ್ಲಾಸ್ಟಿಕ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. 150ರಿಂದ 180 ಡಿಗ್ರಿ ಕಾದ ಅಚ್ಚಿನಲ್ಲಿ ಪುಡಿ ತೂಗಿ ಹಾಕಿ, ಪ್ರೆಸ್ಸಿನಲ್ಲಿ ಒತ್ತಿ, ಬೇಯುವ ತನಕ ಹಿಡಿಯಬೇಕು. ಇದಕ್ಕೆ ಕಂಪ್ರೆಷನ್ ಮೋಲ್ಡಿಂಗ್ ಅನ್ನುತ್ತಾರೆ. ಅಚ್ಚಿನ ರಚನೆ ಸರಳ, ಪ್ಲಾಸ್ಟಿಕ್ ಒಳಹರಿಯುವ ಗೇಟು–ರನ್ನರ್ ದಾರಿಯ ರಗಳೆ ಇಲ್ಲ, ಆದರೆ ಪುಡಿ ಉಕ್ಕನ್ನೇ ತಿನ್ನುತ್ತದೆ. ಗಟ್ಟಿ ಮಾಡಿದ ಉಕ್ಕಿಗೆ ಕ್ರೋಮ್ ಹಾಕಿಸದೆ ಕೊಡಬೇಡಿ.

ಈಗ ಎಲ್ಲರ ಕಣ್ಣು ಇರುವ ಇಂಜೆಕ್ಷನ್, ಕರಗಿದ ಪ್ಲಾಸ್ಟಿಕ್ಕನ್ನು ಮುಚ್ಚಿದ ಅಚ್ಚಿನೊಳಗೆ ಒತ್ತಡದಿಂದ ತಳ್ಳುವುದು. ಬಕೆಟ್ಟನ್ನೇ ತಗೊಳ್ಳೋಣ, ಬಾಯಿ 30 ಸೆಂಟಿಮೀಟರ್. ಬಾಯಿಯ ವಿಸ್ತೀರ್ಣ ಸುಮಾರು 707 ಚದರ ಸೆಂ.ಮೀ. ಅಚ್ಚಿನೊಳಗೆ ಪ್ಲಾಸ್ಟಿಕ್ಕಿನ ಒತ್ತಡ ಚದರ ಸೆಂಟಿಮೀಟರಿಗೆ 300 ಕೆಜಿ ಅಂತ ಹಿಡಿದರೂ ಅಚ್ಚನ್ನು ಬಿಚ್ಚಿಹಾಕಲು ನೋಡುವ ಬಲ 212 ಟನ್. ಅದನ್ನು ತಡೆಯುವಷ್ಟು ಬಲದಿಂದ ಮಷಿನ್ ಹಿಡಿಯಬೇಕು, ಅಚ್ಚು ಬಾಗದೆ ನಿಲ್ಲಬೇಕು. 100 ಟನ್ನಿನ ಮಷಿನ್ ಕೊಂಡು ಬಕೆಟ್ ಮಾಡುತ್ತೇನೆ ಅನ್ನುವವರು ಈ ಗುಣಾಕಾರ ಮಾಡಿರುವುದಿಲ್ಲ, ಡೀಲರು ಮಾಡಲು ಬಿಟ್ಟಿರುವುದೂ ಇಲ್ಲ.

ಇನ್ನು ಕುಗ್ಗುವಿಕೆ. ಪಾಲಿಪ್ರೊಪಿಲೀನ್ ತಣಿಯುವಾಗ ನೂರಕ್ಕೆ ಒಂದರಿಂದ ಎರಡೂವರೆ ಭಾಗ ಕುಗ್ಗುತ್ತದೆ. ಒಂದೂವರೆ ಅಂತ ಇಟ್ಟುಕೊಂಡರೆ 300 ಮಿಲಿಮೀಟರ್ ಬಾಯಿಗೆ ಅಚ್ಚನ್ನು 304.5ಕ್ಕೆ ಕೊರೆಯಬೇಕು. ಎಬಿಎಸ್ ಆದರೆ ನೂರಕ್ಕೆ ಅರ್ಧ ಭಾಗದ ಆಸುಪಾಸು. ಒಂದು ಪ್ಲಾಸ್ಟಿಕ್ಕಿಗೆ ಮಾಡಿದ ಅಚ್ಚಿಗೆ ಇನ್ನೊಂದು ಹಾಕಿದರೆ ಮುಚ್ಚಳ ಕೂರುವುದಿಲ್ಲ ಅಂತ ಗಲಾಟೆ ಏಳುವುದು ಇದಕ್ಕೇ. ಕುಗ್ಗಿದ ಬಕೆಟ್ಟು ಅಚ್ಚಿನ ಒಳದಿಂಡಾದ ಕೋರನ್ನು ತಬ್ಬಿಕೊಂಡು ಬಿಡುತ್ತದೆ, ಸುಮ್ಮನೆ ಎಳೆದರೆ ಬರುವುದಿಲ್ಲ. ಅದಕ್ಕೆ ಗೋಡೆ ಒಂದೆರಡು ಡಿಗ್ರಿಯಾದರೂ ಓರೆ ಇರಬೇಕು, ತಳದಿಂದ ಗಾಳಿ ಹೊಡೆಯಬೇಕು, ಅಂಚಿಗೆ ತಳ್ಳುವ ಬಳೆ ಬೇಕು.

ನೀವು ನಿಜಕ್ಕೂ ಗೆಲ್ಲುವ ಜಾಗ ಏಕಕೇಂದ್ರತೆ, ಅಂದರೆ ಅಚ್ಚಿನ ಒಳಭಾಗ ಹೊರಭಾಗ ಒಂದೇ ನಡುವಿಗೆ ಕೂರುವುದು. ಬಕೆಟ್ಟಿನ ಗೋಡೆ ಎರಡು ಮಿಲಿಮೀಟರಿಗಿಂತ ಕಮ್ಮಿ. ತಳದ ನಡುವಿನ ಗೇಟಿನಿಂದ ಪ್ಲಾಸ್ಟಿಕ್ ಒಳಬಂದು ಸುತ್ತ ಹರಿಯುತ್ತದೆ. ಕೋರು ಒಂದು ಕಡೆಗೆ ಚೂರೇ ವಾಲಿದ್ದರೂ ದಪ್ಪ ಸಂದಿನಲ್ಲಿ ಪ್ಲಾಸ್ಟಿಕ್ ಬೇಗ ಓಡುತ್ತದೆ, ಬೇಗ ತುಂಬಿದ ಆ ಕಡೆ ಒತ್ತಡ ಏರಿ ಕೋರನ್ನು ಇನ್ನಷ್ಟು ತಳ್ಳುತ್ತದೆ. ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ಬೆಳಕು ಕಾಣುವಷ್ಟು ತೆಳು. ಕೋರು, ಅದರ ಸುತ್ತಿನ ಹೊರ ಅಚ್ಚಾದ ಕ್ಯಾವಿಟಿ ಎರಡನ್ನೂ ಒಂದೇ ನಡುವಿಗೆ ತಿರುಗಿಸಿ, ಓರೆ ಬಾಯಿಯಲ್ಲಿ ಒಂದಕ್ಕೊಂದು ಬೀಗ ಹಾಕಿದ ಹಾಗೆ ಕೂರಿಸುವುದು ಟರ್ನರಿನ ವಿದ್ಯೆ. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಹುಡುಗನಿಗೆ ಇದು ನಿಮ್ಮಷ್ಟು ಕೈಹತ್ತುವುದಿಲ್ಲ. ಅವನೂ ಬೇಕು, ಅದು ಬೇರೆ ಮಾತು. ಈ ವಿದ್ಯೆ ಕಲಿಯಲು ಹರಿಹರದಲ್ಲೇ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆಯ ಶಾಖೆ ಅದು. ಎಸ್ಸೆಸ್ಸೆಲ್ಸಿ ಆದ ಮಕ್ಕಳಿಗೆ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಕಲಿಸುತ್ತಾರೆ. ಮನೆಯಲ್ಲಿ ಹತ್ತನೇ ತರಗತಿ ಮುಗಿಸಿದ ಮಗನೋ ಮಗಳೋ ಇದ್ದರೆ ಪಿಯುಸಿ ಸೈನ್ಸ್ ಅಂತ ಕಣ್ಣುಮುಚ್ಚಿ ದಬ್ಬುವ ಮೊದಲು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ.

ಇಷ್ಟೆಲ್ಲ ಹೇಳಿದವನು ನಾಳೆಯೇ ಬಕೆಟ್ಟಿನ ಅಚ್ಚಿಗೆ ಉಕ್ಕು ತನ್ನಿ ಅನ್ನುತ್ತಿಲ್ಲ. ಮೊದಲು ರಿಪೇರಿ. ಕಾರೂರು, ಹರ್ಲಾಪುರದ ಕಡೆಯಾಗಲಿ, ಸುತ್ತಿನ ಊರುಗಳಲ್ಲಾಗಲಿ, ಪ್ಲಾಸ್ಟಿಕ್ ಮಷಿನ್ ಇರುವ ಶೆಡ್ಡಿನಲ್ಲೆಲ್ಲ ಕೆಟ್ಟ ಅಚ್ಚು ಮೂಲೆಯಲ್ಲಿ ಬಿದ್ದಿರುತ್ತದೆ. ಸಿಕ್ಕಿಕೊಂಡ ಪೀಸನ್ನು ಆಪರೇಟರ್ ಸ್ಕ್ರೂಡ್ರೈವರಿನಿಂದ ಮೀಟಿ ಪಾರ್ಟಿಂಗ್ ಲೈನಿಗೆ ನೆಗ್ಗು ಮಾಡಿರುತ್ತಾನೆ. ಎಜೆಕ್ಟರ್ ಪಿನ್ನು ಸವೆದು ಸುತ್ತ ಫ್ಲ್ಯಾಶ್ ಬರುತ್ತಿರುತ್ತದೆ. ನೀರು ಹೋಗುವ ದಾರಿಯಲ್ಲಿ ಬೋರ್‌ವೆಲ್ಲಿನ ಗಡಸು ನೀರು ಸುಣ್ಣ ಕಟ್ಟಿರುತ್ತದೆ, ಅಚ್ಚು ತಣಿಯದೆ ಪೀಸಿಗೆ ಹಿಡಿಯುವ ಸಮಯ ಏರಿರುತ್ತದೆ, ಮಾಲೀಕ ಮಾತ್ರ ಮಷಿನ್ನಿಗೆ ವಯಸ್ಸಾಯಿತು ಅಂತ ಗೊಣಗುತ್ತಿರುತ್ತಾನೆ. ಆ ದಾರಿ ತೊಳೆದು ಕೊಟ್ಟರೆ ಅದೇ ದಿನ ಫರಕು ಕಾಣುತ್ತದೆ. ತಣಿಯುವ ಸಮಯ ಗೋಡೆ ದಪ್ಪದ ವರ್ಗದಂತೆ ಏರುತ್ತದೆ ಅನ್ನುವುದನ್ನೂ ಅವರಿಗೆ ತಿಳಿಸಿ. 2 ಮಿಲಿಮೀಟರ್ ಗೋಡೆಯನ್ನು "ಗಟ್ಟಿ ಇರಲಿ" ಅಂತ 4 ಮಾಡಿದರೆ ಕಾಯುವುದು ನಾಲ್ಕು ಪಟ್ಟು.

ಕೊಡದ ಅಚ್ಚು ಕಲಿಕೆಗೆ. ಆಮೇಲೆ ದುಡಿಮೆಗೆ ನಿಮ್ಮದೇ ಅಂತ ಒಂದು ಅಚ್ಚು. ನನಗೆ ತೋಚುವುದು ಕೂರಿಗೆಯ ಬೀಜದ ತಟ್ಟೆ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಎಷ್ಟು ಬಿತ್ತುತ್ತಾರೆ ನಿಮಗೇ ಗೊತ್ತು. ಟ್ರ್ಯಾಕ್ಟರ್ ಕೂರಿಗೆಯಲ್ಲಿ ಸುತ್ತ ತೂತಿರುವ ದುಂಡು ಪ್ಲಾಸ್ಟಿಕ್ ತಟ್ಟೆ ತಿರುಗಿ ಕಾಳನ್ನು ಒಂದೊಂದಾಗಿ ಬಿಡುತ್ತದೆ. ಬಿತ್ತನೆಯ ವಾರದಲ್ಲಿ ಅದು ಮುರಿದರೆ ಕಂಪನಿಯ ತಟ್ಟೆ ಬರುವ ಹೊತ್ತಿಗೆ ಭೂಮಿಯ ಹದ ಆರಿಹೋಗಿರುತ್ತದೆ. ದರಕ್ಕಾಗಿ ಯಾರೂ ಜಗ್ಗಾಡದ ಸರಕು ಇದು, ಅವತ್ತೇ ಸಿಗಬೇಕು ಅಷ್ಟೇ. ಅಚ್ಚು ಚಪ್ಪಟೆ, ದುಂಡು, ನಿಮ್ಮ ಲೇತಿಗೆ ಒಗ್ಗುವಂಥದ್ದು. ತೂತುಗಳಿಗೆ ಪಿನ್ನು ಕೂರಿಸಿ. ಗೇಟನ್ನು ನಡುವಿಗೇ ಕೊಡಿ, ಅಂಚಿಗೆ ಕೊಟ್ಟರೆ ತಟ್ಟೆ ತಣಿಯುವಾಗ ಹಪ್ಪಳದಂತೆ ಸೊಟ್ಟಗಾಗಿ ಕೂರಿಗೆಯೊಳಗೆ ಉಜ್ಜುತ್ತದೆ.

ಇಂಥ ಸಣ್ಣ ಪೀಸಿನ ಟ್ರಯಲ್ಲಿಗೆ ದೊಡ್ಡ ಮಷಿನ್ ಬೇಕಿಲ್ಲ. ಕೈಯಿಂದ ಹಿಡಿ ಎಳೆದು ಒತ್ತುವ ಹ್ಯಾಂಡ್ ಮೋಲ್ಡಿಂಗ್ ಮಷಿನ್ ಬೆಂಚಿನ ಮೇಲೆ ಕೂರುತ್ತದೆ. ಅಮೆರಿಕದ ಹಯಾಟ್ ಸೋದರರು 1872ರಲ್ಲಿ ಪೇಟೆಂಟ್ ಪಡೆದ ಮೊಟ್ಟಮೊದಲ ಇಂಜೆಕ್ಷನ್ ಮಷಿನ್ನಿನ ತತ್ವವೂ ಇದೇ, ದಂಡದಿಂದ ಒತ್ತಿ ತಳ್ಳುವುದು. ತಿರುಗುವ ಸ್ಕ್ರೂ ಬಂದದ್ದು 1946ರಲ್ಲಿ, ಜೇಮ್ಸ್ ಹೆಂಡ್ರಿಯಿಂದ. ತ್ರೀಡಿ ಪ್ರಿಂಟರ್ ಬಂದಾಯಿತಲ್ಲ, ಇನ್ನು ಅಚ್ಚು ಯಾಕೆ ಅಂತ ಹುಡುಗರು ಕೇಳುತ್ತಾರೆ. ಒಂದು ತಟ್ಟೆ ಬೇಕಾದರೆ ಪ್ರಿಂಟರೇ ಸರಿ. ಐದು ಸಾವಿರ ಬೇಕಾದಾಗ ಅವರೇ ನಿಮ್ಮ ಅಂಗಡಿಗೆ ಬರುತ್ತಾರೆ.

ವ್ಯವಹಾರದ ಮಾತು ಸ್ವಲ್ಪ. ನಮ್ಮ ಕಡೆ ಬಾಯಿಮಾತಿನಲ್ಲೇ ಎಲ್ಲ ನಡೆಯುತ್ತದೆ, ಅಚ್ಚಿಗೆ ಅದು ಸಾಲದು. ಅಚ್ಚು ಯಾರದು, ಟ್ರಯಲ್ ಎಷ್ಟು ಸಲ, ಯಾವ ಪ್ಲಾಸ್ಟಿಕ್ಕಿಗೆ ಅಂತ ಕಾಗದದಲ್ಲಿರಲಿ. ಅರ್ಧ ದುಡ್ಡು ಬಾರದೆ ಉಕ್ಕಿಗೆ ಕೈ ಹಚ್ಚಬೇಡಿ. "ಇದನ್ನೇ ನೋಡಿ ಹೀಗೇ ಮಾಡು" ಅಂತ ಬೇರೆ ಕಂಪನಿಯ ಪೀಸು ತಂದುಕೊಟ್ಟರೆ ಮೊದಲು ವಿಚಾರಿಸಿ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದ ರೂಪವನ್ನು ಹತ್ತು ವರ್ಷ, ನವೀಕರಿಸಿದರೆ ಹದಿನೈದು ವರ್ಷ ಇನ್ನೊಬ್ಬರು ನಕಲು ಮಾಡುವಂತಿಲ್ಲ.

ಮೊದಲ ಶಾಟ್ ಹೊಡೆದ ದಿನ ಎಲ್ಲರಿಗೂ ಆತುರ. ಪೀಸು ಬಿಸಿಯಿರುವಾಗಲೇ ವರ್ನಿಯರ್ ಹಚ್ಚಿ, ದೊಡ್ಡದಾಯಿತು ಅಂತ ಅಚ್ಚನ್ನು ಲೇತಿಗೆ ಏರಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಪಾಲಿಪ್ರೊಪಿಲೀನ್ ಹೊರಬಂದ ಮೇಲೂ ಕುಗ್ಗುತ್ತಿರುತ್ತದೆ. ಹತ್ತು ಪೀಸಿಗೆ ನಂಬರು ಹಾಕಿ ಎತ್ತಿಡಿ, ಮಾರನೇ ದಿನ ಅದೇ ಹೊತ್ತಿಗೆ ಅಳೆದು ಬರೆದುಕೊಳ್ಳಿ. ತಟ್ಟೆಯ ಹೊರ ಅಳತೆ ಚಿಕ್ಕದಾಗಿ ಬಂದಿದ್ದರೆ ಕ್ಯಾವಿಟಿಯನ್ನು ಇನ್ನೊಂದು ಚೂರು ತಿರುಗಿಸಬಹುದು. ದೊಡ್ಡದಾಗಿ ಬಂದಿದ್ದರೆ ವೆಲ್ಡಿಂಗ್ ತುಂಬಿ ಮತ್ತೆ ಮೊದಲಿನಿಂದ. ಆದ್ದರಿಂದ ಮೊದಲ ಸಲ ಕ್ಯಾವಿಟಿಯನ್ನು ಮಿಲಿಮೀಟರಿನ ಒಂದೆರಡು ದಶಾಂಶ ಕಮ್ಮಿಯೇ ಕೊರೆಯಿರಿ. ಅಳತೆ ಬರೆದ ಚೀಟಿ, ಆ ಹತ್ತು ಪೀಸು ತಂದು ತೋರಿಸಿ, ಕೂತು ನೋಡೋಣ. ಭಾನುವಾರ ಆದರೂ ಸರಿ, ಮನೆಯಲ್ಲೇ ಇರುತ್ತೇನೆ.

ಇಂತಿ,
ನಿಮ್ಮವನೇ ಆದ ಒಬ್ಬ ಹಳೆಯ ಡೈ ಫಿಟ್ಟರ್